ಬ್ಯಾಟರಿ ಬದಲಿಸುವ ಮುನ್ನ ಅಳೆದು ನೋಡಿ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಬೆಳಿಗ್ಗೆ ಕಾರು ಚಾಲೂ ಆಗಲು ಸತಾಯಿಸಿದರೆ ಮೊದಲ ಆರೋಪ ಬ್ಯಾಟರಿಯ ಮೇಲೆ. ಹೊಸದಕ್ಕೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಕೀ ತಿರುಗಿಸಿದಾಗ ಬರುವ ಸದ್ದು ಕೇಳಬೇಕು.

‘ಟಕ್’ ಎಂದಷ್ಟೇ ಸದ್ದಾದರೆ, ಇಲ್ಲವೇ ಸ್ಟಾರ್ಟರ್ ಎಳೆದೆಳೆದು ತಿರುಗಿದರೆ ಬ್ಯಾಟರಿ, ಟರ್ಮಿನಲ್, ಅರ್ಥಿಂಗ್ ವೈರು, ಸ್ಟಾರ್ಟರ್‌ಗಳನ್ನು ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ ಅದು 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿರುವ ಸಾಧ್ಯತೆ ಹೆಚ್ಚು. ಎಷ್ಟೋ ಸಲ ಟರ್ಮಿನಲ್‌ನ ಕಿಲುಬು ತೆಗೆದು ಬಿಗಿದರೆ ಸಾಕು.

ಸ್ಟಾರ್ಟರ್ ಜೋರಾಗಿ ತಿರುಗಿಯೂ ಎಂಜಿನ್ ಚಾಲೂ ಆಗದಿದ್ದರೆ ದೋಷ ಬೇರೆಡೆ ಇದೆ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್, ಫ್ಯೂಯೆಲ್ ಪಂಪ್. ಡೀಸೆಲ್‌ನಲ್ಲಿ ಫಿಲ್ಟರ್, ಪೈಪಿನೊಳಗೆ ಸೇರಿದ ಗಾಳಿ, ಚಳಿಯಲ್ಲಿ ಹೀಟರ್ ಪ್ಲಗ್ ನೋಡಬೇಕು.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಳೆಯದೆ ‘ಬ್ಯಾಟರಿ ಹೋಗೈತ್ರಿ’ ಎನ್ನುವ ಮೆಕ್ಯಾನಿಕ್‌ಗೆ ‘ವೋಲ್ಟ್ ಎಷ್ಟೈತ್ರಿ?’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.