ಬಿಡಾರ ಹೂಡುವ ಮೊದಲು ಹಳ್ಳದ ಲೆಕ್ಕ

ನಾಲ್ಕೈದು ಕುಟುಂಬಗಳು ಕೂಡಿ ಮಲೆನಾಡಿಗೆ ಬಂದು ಎರಡು ರಾತ್ರಿ ಬಿಡಾರ ಹೂಡುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಅಜ್ಜ ಅಜ್ಜಿಯರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಇಪ್ಪತ್ತು ಜನರ ತಂಡ. ದಿನ ಗೊತ್ತುಮಾಡಿ, ವಾಹನ ಹೇಳಿ, ಡೇರೆಗಳಿಗೆ ಮುಂಗಡ ಕಟ್ಟಿದರೆ ಸಿದ್ಧತೆ ಮುಗಿಯಿತೆಂದು ಭಾವಿಸಲಾಗುತ್ತದೆ. ಆದರೆ ಯಾರ ನೆಲದಲ್ಲಿ, ಯಾರ ಅನುಮತಿಯಿಂದ, ಯಾವ ಹಳ್ಳದ ನೀರಿನಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಈ ಸಿದ್ಧತೆ ಪೂರ್ಣವಾಗದು.

2024ರ ಗಣರಾಜ್ಯೋತ್ಸವದ ಸಾಲು ರಜೆಯಲ್ಲಿ ಕುಮಾರ ಪರ್ವತದ ತಪ್ಪಲಿನಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದರು. ಅದರ ಬೆನ್ನಿಗೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳಿಗೆ ಸರ್ಕಾರ ತಾತ್ಕಾಲಿಕವಾಗಿ ಪ್ರವೇಶ ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂದಿತು. ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂದಿತು. ಈ ಮಿತಿ ಸ್ವಾಗತಾರ್ಹ. ಆದರೆ ಅನುಮತಿ ದೊರೆಯುವುದು ತಲೆಗೊಂದರಂತೆಯೇ ಹೊರತು ತಂಡಕ್ಕೊಂದರಂತೆ ಅಲ್ಲ. ಮೂರು ಕುಟುಂಬಗಳಿಗೆ ಸಿಕ್ಕಿ ನಾಲ್ಕನೆಯದಕ್ಕೆ ಸಿಗದಿದ್ದರೆ ಉಳಿದವರು ಏನಾದರೂ ಮಾಡಿ ನುಸುಳಲು ನೋಡುತ್ತಾರೆ. ಆದುದರಿಂದ ಎಲ್ಲರ ಹೆಸರು, ಗುರುತಿನ ಚೀಟಿಗಳನ್ನು ಮೊದಲೇ ಕೂಡಿಸಿ, ಸಾಲು ರಜೆಯನ್ನು ಬಿಟ್ಟು ಬೇರೆ ದಿನಗಳನ್ನು ಆರಿಸಿ, ಅನುಮತಿ ಕೈಸೇರಿದ ಮೇಲೆಯೇ ವಾಹನಕ್ಕೆ ಹೇಳುವುದು ವಿವೇಕದ ಮಾರ್ಗ.

ಚಾರಣದ ಅನುಮತಿಯೆಂದರೆ ಬಿಡಾರದ ಅನುಮತಿಯಲ್ಲ ಎಂಬುದನ್ನೂ ತಿಳಿಯಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಶಿಖರ ಹತ್ತುವವರು ಸಂಜೆಯೊಳಗೆ ಇಳಿಯಲೇಬೇಕು; ಹುಲ್ಲುಗಾವಲಿನಲ್ಲಿ ಡೇರೆ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮು ಅಭಯಾರಣ್ಯದ ಪ್ರವೇಶವನ್ನು ನಿರ್ಬಂಧಿಸಿ, ಕಸ ಚೆಲ್ಲುವುದನ್ನು ನಿಷೇಧಿಸುತ್ತದೆ. 30ನೆಯ ಕಲಮು ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಇವು ಅನ್ವಯಿಸುತ್ತವೆ. ರಾತ್ರಿ ತಂಗುವವರಿಗೆ ಸರ್ಕಾರದ ಪ್ರಕೃತಿ ಶಿಬಿರಗಳಿವೆ, ಊರಿನ ಹಿಡುವಳಿ ಜಮೀನಿನ ತಂಗುದಾಣಗಳಿವೆ. ಮುಂಗಡ ಕಟ್ಟುವ ಮೊದಲು, ಆ ಜಾಗ ಹಿಡುವಳಿಯೋ ಅರಣ್ಯವೋ ಎಂದು ಕೇಳುವುದು ಅತಿಥಿಯ ಹಕ್ಕು. ಹೇಳುವುದು ಆತಿಥೇಯನ ಕರ್ತವ್ಯ.

ಇನ್ನು ನೀರು. ಒಬ್ಬರಿಗೆ ದಿನಕ್ಕೆ 40 ಲೀಟರ್ ಎಂದು ಮಿತವಾಗಿ ಎಣಿಸಿದರೂ ಇಪ್ಪತ್ತು ಜನರಿಗೆ 800 ಲೀಟರ್ ಬೇಕು. ಹನಿ ನೀರಾವರಿಯಲ್ಲಿ ಫಲ ಕೊಡುವ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ ಒಂದು ತಂಡದ ಒಂದು ದಿನದ ನೀರು ನಲವತ್ತು ಮರಗಳ ಒಂದು ದಿನದ ನೀರು. ಮಳೆ ನಿಂತ ಹೊಸತರಲ್ಲಿ ಇದು ಯಾರಿಗೂ ಹೊರೆಯೆನಿಸದು. ಮಾರ್ಚ್, ಏಪ್ರಿಲ್‌ನಲ್ಲಿ ಅಬ್ಬಿ ನೀರು ಬೆರಳಿನಷ್ಟು ಸಣ್ಣಗಾದಾಗ, ಅದೇ ಹಳ್ಳಕ್ಕೆ ಐದು ತಂಗುದಾಣಗಳು ಪೈಪು ಹಾಕಿದರೆ ಕೆಳಗಿನ ಮನೆಯವರ ಕೊಡಪಾನ ಖಾಲಿಯಾಗುತ್ತದೆ. ಬೇಸಿಗೆ ರಜೆಯಲ್ಲಿ ಅತಿಥಿಗಳು ಹೆಚ್ಚುವುದೂ ಹಳ್ಳ ಬತ್ತುವುದೂ ಒಂದೇ ಕಾಲಕ್ಕೆ ಎಂಬುದೇ ಈ ಸಮಸ್ಯೆಯ ತಿರುಳು.

ಬೆಂಕಿಯ ಕಾಲವೂ ಅದೇ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಹಬ್ಬಿದ ಕಾಳ್ಗಿಚ್ಚಿನಲ್ಲಿ ಸಿಲುಕಿದ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮಕ್ಕಳು ವೃದ್ಧರಿರುವ ತಂಡ ಅಂಥ ಬೆಂಕಿಯಿಂದ ಓಡಿ ಪಾರಾಗಲಾರದು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಬಿಡಾರದಲ್ಲಿ ಸೌದೆಯ ಬೆಂಕಿ ಬೇಡವೇ ಬೇಡ. ಅಡುಗೆ ಊರಿನ ಮನೆಯಲ್ಲೇ ಆಗಲಿ.

ತಂಗುದಾಣಗಳಿಂದ ಬಡ ಕುಟುಂಬಗಳಿಗೆ ಆಸರೆಯಾಗಿದೆ, ಅದಕ್ಕೆ ಅಡ್ಡಗಾಲು ಹಾಕಬಾರದು ಎಂಬ ವಾದವಿದೆ. ಅದರಲ್ಲಿ ಸತ್ಯವಿದೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ತೋಟ ಕಳೆದುಕೊಂಡವರಿಗೆ ಅತಿಥಿಗಳ ಹಣ ಮಕ್ಕಳ ಓದಿಗೂ ಔಷಧಿಗೂ ಒದಗಿದೆ. ಆದರೆ ಆ ಹಣ ಬರುವುದು ಹಳ್ಳ ಹರಿಯುವವರೆಗೆ ಮಾತ್ರ. ಹಳ್ಳ ಬತ್ತಿದ ಊರಿಗೆ ಅತಿಥಿಯೂ ಬರಲಾರ.

ಆದುದರಿಂದ ಮಿತಿಯನ್ನು ದೂರದ ಕಚೇರಿಯೊಂದೇ ನಿರ್ಧರಿಸಿದರೆ ಸಾಲದು. ಚಾರಣಪಥದ 300 ಎಂಬ ಸಂಖ್ಯೆಗೆ ಊರಿನ ಬಾವಿಯ ಆಳ ತಿಳಿಯದು. 2002ರ ಜೀವವೈವಿಧ್ಯ ಕಾಯಿದೆಯಂತೆ ರಚನೆಯಾದ ಪಂಚಾಯಿತಿ ಮಟ್ಟದ ಸಮಿತಿಗಳು ಕಾಲೇಜು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಹಳ್ಳದ ಹರಿವನ್ನು ಅಳೆಯಬಹುದು. ಒಂದು ಕೊಡ ತುಂಬಲು ಎಷ್ಟು ನಿಮಿಷ ಎಂದು ಬರೆದಿಟ್ಟರೂ ಸಾಕು, ಮೂರು ವರ್ಷಗಳಲ್ಲಿ ಊರಿನ ಲೆಕ್ಕ ಸಿದ್ಧವಾಗುತ್ತದೆ. ಕುಡಿಯುವ ನೀರು, ತೋಟ, ಜಾನುವಾರುಗಳ ಪಾಲು ಕಳೆದು ಉಳಿದಷ್ಟಕ್ಕೆ ಎಷ್ಟು ಹಾಸಿಗೆ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ತಂಗುದಾಣದವರು ಆ ಸಂಖ್ಯೆಯೊಳಗೇ ಬುಕಿಂಗ್ ಪಡೆಯಲಿ. ಬರುವ ಕುಟುಂಬಗಳು ಬಾಡಿಗೆ ಎಷ್ಟು ಎಂದು ವಿಚಾರಿಸುವಾಗಲೇ ಈ ತಿಂಗಳು ಹಳ್ಳ ಹೇಗಿದೆ ಎಂದೂ ವಿಚಾರಿಸಲಿ.