ಮೀನು ಕೆಟ್ಟ ಮೇಲೆ ಒಲೆ ಏನು ಮಾಡೀತು?

ನಿಡಸೋಸಿ ಮಠದ ಊರು. ಅಲ್ಲಿ ಮೀನಿನ ಮಾತೇಕೆ ಎಂದು ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ತಿನ್ನದವರಿಗೆ ಕೈಮುಗಿದು ಬಿಡೋಣ. ಆದರೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ತಿನ್ನುವ ಮಂದಿಯೂ ಇದ್ದಾರೆ. ಅವರಿಗೆ ಪರಿಚಯ ಹೊಳೆಯ ಮೀನು, ಹಿಡಕಲ್ ಜಲಾಶಯದ ಮೀನು. ಟ್ಯೂನಾ ಎಂಬುದು ಕಡಲಿನದು. ಗೋವಾ ಕಡೆ ಅದಕ್ಕೆ ಕುಪ್ಪ ಅನ್ನುತ್ತಾರೆ, ಮಂಗಳೂರ ಕಡೆ ಕೇದರ.

ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ, ಆಂಬೋಲಿ ಘಟ್ಟ ಇಳಿದು ಬಾಂದಾಕ್ಕೆ ಹೋಗುವ ರಸ್ತೆ ಇದೆ. ಬಾಂದಾ ಆಚೆ ಗೋವಾ. ಆ ಹಾದಿಯಲ್ಲಿ ಘಟ್ಟ ಹತ್ತಿ ಬರುವ ಟ್ಯೂನಾ ಎಷ್ಟು ತಾಸು ಐಸಿನಲ್ಲಿತ್ತು? ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ದರದ ಚೌಕಾಶಿ ಆಮೇಲೆ!

ಕಾರಣ ಉಂಟು. ಟ್ಯೂನಾ, ಬಂಗಡೆಯಂಥ ಮೀನನ್ನು ಐಸಿಲ್ಲದೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಬೆಳೆಯುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಕರಿದರೂ ಅದು ಹೋಗುವುದಿಲ್ಲ. ಆಮೇಲೆ ಐಸಿನಲ್ಲಿ ಹೂತಿಟ್ಟರೂ ಹೋಗುವುದಿಲ್ಲ. ಅಂಥ ಮೀನು ತಿಂದ ಕೆಲವೇ ನಿಮಿಷಕ್ಕೋ, ಒಂದೆರಡು ತಾಸಿಗೋ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ವಾಂತಿ ಭೇದಿಯೂ ಆದೀತು. ಉಸಿರು ಕಟ್ಟಿದಂತಾದರೆ ತಡ ಮಾಡದೆ ದವಾಖಾನೆಗೆ ಒಯ್ಯಬೇಕು. 'ಖಾರ ಹೆಚ್ಚು ಹಾಕಿ ಬೇಯಿಸಿದರ ಎಲ್ಲಾ ಸರಿ ಹೋಗ್ತೈತಿ' ಅನ್ನುವ ಮಾತು ಇಲ್ಲಿ ನಡೆಯದು. ಮೂಗನ್ನೂ ಪೂರಾ ನಂಬುವಂತಿಲ್ಲ; ವಾಸನೆ ಬರುವ ಮೊದಲೇ ಕೆಟ್ಟಿರಬಹುದು. ನಾತ ಬಂತೆಂದರೆ, ತುಂಡು ಕಂದು ಬಣ್ಣಕ್ಕೆ ತಿರುಗಿ ಒಣಗಿದೆಯೆಂದರೆ ಕೈ ಮುಟ್ಟುವುದೇ ಬೇಡ.

'ಐಸಿಗೆ ರೊಕ್ಕ ಯಾರು ಕೊಡ್ತಾರ?' ಎಂದು ಮಾರುವವರು ಕೇಳಿದರೆ ಅದೂ ನ್ಯಾಯವೇ. ಉತ್ತರವೂ ಸರಳ. ಕೊಳ್ಳುವವರು ಎರಡು ರೂಪಾಯಿ ಹೆಚ್ಚು ಕೊಡಬೇಕು. ಜಾಗದ ಕರ ವಸೂಲಿ ಮಾಡುವವರು ನೆರಳು, ನೀರು ಕೊಡಬೇಕು. ಮಾರುವವರು ಮೀನಿನ ಕೆಳಗೂ ಮೇಲೂ ಐಸು ಹಾಕಬೇಕು. ಮೂವರಲ್ಲಿ ಒಬ್ಬರು ತಪ್ಪಿದರೂ ಸಂಕಟ ಉಂಡವರ ಹೊಟ್ಟೆಗೆ.

ಛಲೋ ಮೀನು ಸಿಕ್ಕಿತೆನ್ನಿ. ಅಡಿಗೆ ಕಷ್ಟವಲ್ಲ. ಹೊಳೆ ಮೀನಿನ ಹಾಗೆ ಸಣ್ಣ ಮುಳ್ಳಿನ ಕಾಟವಿಲ್ಲ. ಒಂದೇ ಒಲೆ, ಒಂದೇ ಹಂಚು ಇಟ್ಟುಕೊಂಡು ಕೋಣೆ ಹಿಡಿದಿರುವ ಕಾಲೇಜು ಹುಡುಗರಿಗೂ ಆಗುವ ಕೆಲಸ. ತುಂಡಿನ ನಡುವೆ ಕಪ್ಪುಗೆಂಪು ಮಾಂಸವಿದ್ದರೆ ಕೊಯ್ದು ತೆಗೆಯಿರಿ, ಜಿಗುಟು ವಾಸನೆ ಇರುವುದು ಅದರಲ್ಲೇ.

ಒಂದನೆಯದು ಹಂಚಿನ ಮೇಲಿನದು. ಒಂದಂಗುಲ ದಪ್ಪದ ತುಂಡಿಗೆ ಸಂಕೇಶ್ವರಿ ಮೆಣಸಿನಕಾಯಿ ಪುಡಿ, ಅರಿಶಿಣ, ಉಪ್ಪು, ಜಜ್ಜಿದ ಬಳ್ಳೊಳ್ಳಿ, ಸ್ವಲ್ಪ ಲಿಂಬಿ ರಸ ಸವರಿ ಹತ್ತು ನಿಮಿಷ ಬಿಡಬೇಕು. ಕಾದ ಎಣ್ಣೆಯಲ್ಲಿ ಒಂದೊಂದು ಮಗ್ಗುಲು ಮೂರು ನಾಲ್ಕು ನಿಮಿಷ ಸಾಕು. ನಡುವಿನ ಕೆಂಪು ಹೋಗಿ ಬಿಳಿಚಿತೆಂದರೆ ಇಳಿಸಿ. ಈ ಮೀನಿನಲ್ಲಿ ಕೊಬ್ಬು ಕಡಿಮೆ. ಹೆಚ್ಚು ಹೊತ್ತು ಬಿಟ್ಟರೆ ಕಟ್ಟಿಗೆಯಾದೀತು!

ಎರಡನೆಯದು ಸಾರು. ಹುರಿದ ಉಳ್ಳಾಗಡ್ಡಿ, ಒಣಕೊಬ್ರಿ, ಕೊತ್ತಂಬರಿ ಬೀಜ ರುಬ್ಬಿ, ಹುಣಸಿ ಹುಳಿ ಹಿಂಡಿ, ಮಸಾಲಿ ಪೂರಾ ಕುದಿದ ಮೇಲೆ ಮೀನು ಬಿಡಬೇಕು. ಆರೇಳು ನಿಮಿಷಕ್ಕೆ ಬೆಂದೀತು. ಮೊದಲೇ ಹಾಕಿ ಅರ್ಧ ತಾಸು ಕುದಿಸುವ ಚಟ ಬಿಡಬೇಕು.

ಮೂರನೆಯದು ರೊಟ್ಟಿಯ ಜೋಡಿ. ಉಪ್ಪು ನೀರಿನಲ್ಲಿ ಬೇಯಿಸಿ, ಕೈಯಿಂದ ಪುಡಿ ಮಾಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ಹುರಿದರೆ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಪಲ್ಯ. ಇದ್ದ ಮೀನು ಕಡಿಮೆಯಾದರೂ ನಾಲ್ಕು ಮಂದಿಗೆ ಸಾಲುತ್ತದೆ.

ಜಪಾನಿನವರು ಹಸಿಯೇ ತಿನ್ನುತ್ತಾರಲ್ಲ ಎಂದು ವಾದ ಹೂಡುವವರೂ ಇದ್ದಾರೆ. ಅಲ್ಲಿ ಹಸಿ ತಿನ್ನುವ ಟ್ಯೂನಾವನ್ನು ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಿಡುವ ವ್ಯವಸ್ಥೆ ಉಂಟು. ಲಕ್ಷದ್ವೀಪದವರು ಇದೇ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿ 'ಮಾಸ್' ಮಾಡಿಟ್ಟುಕೊಳ್ಳುತ್ತಾರೆ. ಇಬ್ಬರೂ ಮೀನನ್ನು ಸುಮ್ಮನೆ ಬಿಸಿಯಲ್ಲಿ ಬಿಡುವುದಿಲ್ಲ.

ನಮ್ಮಲ್ಲಿ ಬೆಳಿಗ್ಗೆ ಮೀನು ಕೊಂಡು, ಚೀಲದಲ್ಲಿಟ್ಟು, ದಿನವೆಲ್ಲಾ ಕೆಲಸ ಮುಗಿಸಿ ಸಂಜೆ ಬಸ್ಸು ಹತ್ತುವವರು ಎಷ್ಟು ಮಂದಿ? ಸಂತೆಯ ಬೇರೆಲ್ಲ ಕೆಲಸ ಮುಗಿದ ಮೇಲೆ, ಬಸ್ಸಿನ ಹೊತ್ತು ನೋಡಿಕೊಂಡು ಕಡೆಗೆ ಮೀನು ಕೊಳ್ಳಲಿ. ಜೊತೆಗೆ ಎರಡು ಹಿಡಿ ಐಸು ಕೇಳಿ ಕಟ್ಟಿಸಿಕೊಳ್ಳಲಿ. ಕೊಡಲಾರೆ ಎನ್ನುವ ಅಂಗಡಿಯಲ್ಲಿ ಅವತ್ತು ಮೀನು ಬೇಡ, ಬದನೆಕಾಯಿ ಒಯ್ದರಾಯಿತು.