ಹಳೆಯದೆಲ್ಲ ಹಾಳಲ್ಲ

ಮದುವೆ ಮನೆಗೆ ಹೋದರೆ ನನ್ನನ್ನು ಯಾರೂ ಮೊಣಕಾಲು ನೋವು ಹೇಗಿದೆ ಎಂದು ಕೇಳುವುದಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಇನ್ನೂ ಅದನ್ನೇ ಇಟ್ಕೊಂಡಿದ್ದೀರಾ?" 'ಅದು' ಎಂದರೆ ನನ್ನ ಕಾರು, 1991ನೇ ಇಸವಿಯ ಕಾಂಟೆಸ್ಸಾ. ಮೊನ್ನೆ ಒಂದು ಮದುವೆಯಲ್ಲಿ ನನ್ನ ಮೈದುನ ಪಾಯಸದ ದೊನ್ನೆ ಕೆಳಗಿಟ್ಟು, "ಅತ್ತಿಗೆ, ಇದು ಆನೆ ಸಾಕಿದ ಹಾಗಾಯ್ತು. ಗುಜರಿಯವನು ಮೂವತ್ತೈದು ಸಾವಿರ ಕೊಡ್ತಾನಂತೆ, ಕೊಟ್ಟು ಕೈ ತೊಳಕೊಳ್ಳಿ" ಎಂದ. ಪಕ್ಕದಲ್ಲಿ ಕೂತಿದ್ದವರೆಲ್ಲ ತಲೆಯಾಡಿಸಿದರು. ಪಂಕ್ತಿಯಲ್ಲಿ ಕೂತು ಜಗಳವಾಡಬಾರದೆಂದು ಸುಮ್ಮನಿದ್ದೆ. ಇಲ್ಲಿ ಪಂಕ್ತಿ ಇಲ್ಲವಲ್ಲ, ಆಡುತ್ತೇನೆ.

ಮೊದಲು ಕಾರಿನ ಪರಿಚಯ ಮಾಡಿಕೊಡಬೇಕು. ಇಂಗ್ಲೆಂಡಿನಲ್ಲಿ ವಾಕ್ಸ್‌ಹಾಲ್ ಕಂಪನಿ ಎಪ್ಪತ್ತರ ದಶಕದಲ್ಲಿ ಮಾಡಿ ಬಿಟ್ಟ ಕಾರಿನ ಅಚ್ಚನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು ತಂದು, 1984ರಲ್ಲಿ ಬಂಗಾಳದ ಉತ್ತರಪಾರಾದಿಂದ ಕಾಂಟೆಸ್ಸಾ ಎಂಬ ಹೆಸರಿನಲ್ಲಿ ಹೊರಬಿಟ್ಟರು. ಆಗ ಅದರೊಳಗೆ ಅಂಬಾಸಿಡರ್‌ನದೇ ಸಣ್ಣ ಇಂಜಿನ್. ಭೀಮನ ಮೈ, ಗುಬ್ಬಿಯ ಎದೆ! ಆಮೇಲೆ ಜಪಾನಿನ ಇಸುಜು ಇಂಜಿನ್ ಬಂತು. 1817 ಸಿ.ಸಿ., 88 ಕುದುರೆಶಕ್ತಿ, ಐದು ಗೇರು. ಅಂಬಾಸಿಡರ್, ಪದ್ಮಿನಿಗಳೇ ತುಂಬಿದ್ದ ರಸ್ತೆಯಲ್ಲಿ ಅದು ಓಡುವುದನ್ನು ಜನ ನಿಂತು ನೋಡುತ್ತಿದ್ದರು. ಮಂತ್ರಿಗಳು, ಕಾಫಿ ತೋಟದ ಸಾಹುಕಾರರು ಇಟ್ಟುಕೊಳ್ಳುತ್ತಿದ್ದ ಗಾಡಿ. 2002ಕ್ಕೆ ಅದರ ತಯಾರಿಕೆ ನಿಂತಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯ ಬಾಗಿಲೇ ಮುಚ್ಚಿತು.

ನಮ್ಮವರು ಇದನ್ನು 1997ರಲ್ಲಿ ಚಿಕ್ಕಮಗಳೂರಿನ ಒಬ್ಬ ಪ್ಲಾಂಟರಿನಿಂದ ಕೊಂಡರು. ಆಗ 68,000 ಕಿಲೋಮೀಟರ್ ಓಡಿತ್ತು. ನಾನು ಹೈಸ್ಕೂಲು ಟೀಚರು, ಅವರು ಇನ್ಶೂರೆನ್ಸ್ ಕಚೇರಿಯಲ್ಲಿ. ಸಾಹುಕಾರರ ಕಾರು ನಮಗೇಕೆ ಎಂದು ಅವತ್ತು ಜಗಳ ತೆಗೆದವಳು ನಾನೇ ಎಂಬುದನ್ನು ಮುಚ್ಚಿಡುವುದಿಲ್ಲ. 2011ರಲ್ಲಿ ಅವರು ಹೋದರು. ಹದಿಮೂರನೆಯ ದಿನ ಬಂದವರೆಲ್ಲ ಕಣ್ಣೊರೆಸಿಕೊಂಡ ಮೇಲೆ ಕೇಳಿದ ಮೊದಲ ಮಾತು, "ಕಾರು ಏನ್ಮಾಡ್ತೀರಿ?" ಮನೆ ಏನು ಮಾಡುತ್ತೀರಿ ಎಂದು ಕೇಳಲಿಲ್ಲ, ಹೊಲಿಗೆ ಯಂತ್ರ ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಅವು ನನ್ನವು. ಕಾರು ಮಾತ್ರ ಗಂಡಸರದ್ದು, ಗಂಡಸು ಹೋದ ಮೇಲೆ ಅದೂ ಹೋಗಬೇಕು. ಆ ಪ್ರಶ್ನೆಗೆ ಉತ್ತರವಾಗಿ ಐವತ್ತರ ಅಂಚಿನಲ್ಲಿ ನಾನು ಡ್ರೈವಿಂಗ್ ಕಲಿತೆ.

ಕಲಿತ ಮರುವರ್ಷವೇ ಬೇಸಿಗೆಯಲ್ಲಿ ಇಂಜಿನ್ ಕಾಯತೊಡಗಿತು. ಹತ್ತು ಕಿಲೋಮೀಟರಿಗೆ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ನನ್ನ ಮುಖ ನೋಡದೆ, ಜೊತೆಗೆ ಬಂದಿದ್ದ ಅಣ್ಣನ ಮಗನಿಗೆ, ಪಿಯುಸಿ ಓದುವ ಹುಡುಗನಿಗೆ, "ಇಂಜಿನ್ ಇಳಿಸ್ಬೇಕು ಸಾರ್, ನಲವತ್ತೈದು ಸಾವಿರ ಆಗುತ್ತೆ" ಎಂದ. ಹುಡುಗ ಗಂಭೀರವಾಗಿ ತಲೆಯಾಡಿಸಿದ. ಆ ಹುಡುಗನಿಗೆ ಸೈಕಲ್ಲಿನ ಪಂಕ್ಚರ್ ಹಾಕಲೂ ಬರುತ್ತಿರಲಿಲ್ಲ!

ಅಲ್ಲಿಂದ ಗಾಡಿ ತೆಗೆದು, ಬಸ್ ಸ್ಟ್ಯಾಂಡಿನ ಹಿಂದೆ ಶೆಡ್ಡು ಹಾಕಿಕೊಂಡಿದ್ದ ಒಬ್ಬ ಸಾಬರ ಹತ್ತಿರ ಹೋದೆ. ಅವರು ರೇಡಿಯೇಟರ್ ಬಿಚ್ಚಿ, ಒಳಗಿನ ಕೊಳವೆಗಳನ್ನು ತೋರಿಸಿ, "ಟೀಚರಮ್ಮ, ಇದಕ್ಕೆ ಯಾವ ನೀರು ಹಾಕ್ತಿದ್ರಿ?" ಎಂದು ಕೇಳಿದರು. ನೋಡಿದರೆ ಬಿಳಿಯ ಗಟ್ಟಿ ಪೊರೆ. ಅದನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಬಚ್ಚಲಿನ ಹಂಡೆಯೊಳಗೆ, ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ದಿನಾ ನೋಡುವ ಸುಣ್ಣದ ಪೊರೆ ಅದು. ಬೋರ್‌ವೆಲ್ ನೀರನ್ನು ತುಂಬಿ ತುಂಬಿ ನಾನೇ ಅದರ ಗಂಟಲು ಕಟ್ಟಿಸಿದ್ದೆ. ರೇಡಿಯೇಟರ್ ಶುದ್ಧ ಮಾಡಿಸಿ, ಕೂಲೆಂಟ್ ಹಾಕಿಸಿ, ಎರಡು ಹೋಸ್ ಬದಲಾಯಿಸಿದ್ದಕ್ಕೆ ಆದ ಖರ್ಚು 3,200 ರೂಪಾಯಿ. ಇಂಜಿನ್ ಇಳಿಸುವ ಮಾತೇ ಇರಲಿಲ್ಲ.

ಅಂದಿನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ. ಹಾಲಿನ ಲೆಕ್ಕ ಬರೆದ ಹಾಗೆ ಕಾರಿನ ಲೆಕ್ಕ. ತಾರೀಕು, ಕಿಲೋಮೀಟರ್, ಏನು ಬದಲಾಯಿಸಿದರು, ಎಷ್ಟು ಕೊಟ್ಟೆ. ಹಳೆಯ ಬಿಡಿಭಾಗವನ್ನು ಕೈಗೆ ಕೊಡದೆ ಬಿಲ್ ಕೊಟ್ಟರೆ ನಾನು ದುಡ್ಡು ಕೊಡುವುದಿಲ್ಲ. ಐದು ಸಾವಿರ ಕಿಲೋಮೀಟರಿಗೆ ಇಂಜಿನ್ ಆಯಿಲ್. ವರ್ಷಕ್ಕೊಮ್ಮೆ ಟ್ಯಾಪೆಟ್ ಹೊಂದಿಸುವುದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು. ಮಳೆಗಾಲ ಕಳೆದ ಮೇಲೆ ತಳದ ತುಕ್ಕು ಕೆರೆಸಿ ಬಣ್ಣ ಬಳಿಸುವುದು. ಹಳೆಯ ಕಾರನ್ನು ಕೊಲ್ಲುವುದು ಇಂಜಿನ್ ಅಲ್ಲ, ತುಕ್ಕು. ಇಂಜಿನ್ನಿಗೆ ಮದ್ದಿದೆ, ಬಾಗಿಲ ಕೆಳಗಿನ ತಗಡು ತಿಂದು ಹೋದರೆ ಕಾರು ಇದ್ದೂ ಇಲ್ಲದಂತೆ. ಈ ನೋಟ್‌ಬುಕ್ಕಿನ ಪ್ರಕಾರ ಇದುವರೆಗೆ ನನ್ನ ಕಾರು ಓಡಿರುವುದು 3,34,000 ಕಿಲೋಮೀಟರ್. ಇಂಜಿನ್ ಬಿಚ್ಚಿ ರಿಂಗ್, ಬೇರಿಂಗ್ ಹಾಕಿಸಿದ್ದು ಒಂದೇ ಸಲ, 2004ರಲ್ಲಿ, ನಮ್ಮವರಿದ್ದಾಗ.

"ಹೆಂಗಸರಿಗೆ ಯಂತ್ರದ ತಲೆ ಇಲ್ಲ" ಎನ್ನುವ ಪಂಡಿತರಿಗೆ ನನ್ನದೊಂದು ಪ್ರಶ್ನೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದದ್ದನ್ನು ಸಿಳ್ಳಿನ ಸದ್ದಿನಲ್ಲೇ ಕಂಡುಹಿಡಿಯುವವರು ಯಾರು? ಮಿಕ್ಸಿಯ ಬುಷ್ ಸವೆದದ್ದು, ಗ್ರೈಂಡರಿನ ಬೆಲ್ಟ್ ಜಾರುವುದು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕಾದದ್ದು ಮನೆಯಲ್ಲಿ ಮೊದಲು ಯಾರ ಕಿವಿಗೆ ಬೀಳುತ್ತದೆ? ಅದೇ ಕಿವಿಗೆ ಟ್ಯಾಪೆಟ್ಟಿನ ಸದ್ದೂ ಕೇಳುತ್ತದೆ. ಒಡೆದದ್ದನ್ನು ಕೂಡಿಸಿ, ಹರಿದದ್ದನ್ನು ಹೊಲಿದು, ಸವೆದದ್ದಕ್ಕೆ ಕಲಾಯಿ ಹಾಕಿಸಿ ಸಂಸಾರ ನಡೆಸಿಕೊಂಡು ಬಂದವರು ನಾವು. ಅಡುಗೆ ಮನೆಯಲ್ಲಿ ಮಾಡಿದರೆ ಅದಕ್ಕೆ ಜಿಪುಣತನ ಎಂದು ಹೆಸರು, ಕಾರಿಗೆ ಮಾಡಿದರೆ ಹುಚ್ಚು ಎಂದು ಹೆಸರು!

ಇನ್ನು ದುಡ್ಡಿನ ಮಾತು. ಮೈದುನನ ಆನೆಯ ಲೆಕ್ಕ ಹಾಕೋಣ. ನಾನು ವರ್ಷಕ್ಕೆ ಸುಮಾರು ಆರು ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡುತ್ತದೆ, ಹೆಚ್ಚಿಲ್ಲ. ಲೀಟರಿಗೆ 103 ರೂಪಾಯಿಯಂತೆ ಪೆಟ್ರೋಲಿಗೆ 69,000. ರಿಪೇರಿ, ವಿಮೆ ಎಲ್ಲ ಸೇರಿ ಸರಾಸರಿ 45,000. ಒಟ್ಟು ವರ್ಷಕ್ಕೆ 1,14,000. ಹೊಸ ಕಾರು ಕೊಂಡರೆ? ಎಂಟು ಲಕ್ಷ ಸಾಲಕ್ಕೆ ಐದು ವರ್ಷ ತಿಂಗಳಿಗೆ ಹದಿನಾರೂವರೆ ಸಾವಿರದಷ್ಟು ಕಂತು. ವರ್ಷಕ್ಕೆ ಸುಮಾರು ಎರಡು ಲಕ್ಷ. ಪೆಟ್ರೋಲಿನಲ್ಲಿ ಮೂವತ್ತು ಸಾವಿರ ಉಳಿದೀತು ನಿಜ, ಆದರೆ ಆ ಉಳಿತಾಯಕ್ಕಾಗಿ ಎರಡು ಲಕ್ಷ ಕಟ್ಟಬೇಕು. ಪಿಂಚಣಿಯಲ್ಲಿ ಬದುಕುವವಳಿಗೆ ಇದರಲ್ಲಿ ಆನೆ ಯಾವುದು, ನೀವೇ ಹೇಳಿ.

ಎದುರಾಳಿಗಳ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಬ್ರೇಕ್ ಇಲ್ಲ. ಹೊಗೆಯನ್ನು ಶುದ್ಧ ಮಾಡುವ ಇಂದಿನ ಸಾಧನಗಳಿಲ್ಲ. ಹಾಗಾಗಿ ರಾತ್ರಿ ಹೆದ್ದಾರಿಯಲ್ಲಿ ಓಡಿಸುವುದಿಲ್ಲ, ಮೊಮ್ಮಗಳನ್ನು ದೂರದೂರಿಗೆ ಇದರಲ್ಲಿ ಕರೆದೊಯ್ಯುವುದಿಲ್ಲ, ಬಸ್ಸು ಹತ್ತುತ್ತೇನೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಹಳೆಯ ರಬ್ಬರನ್ನು ಅದು ತಿನ್ನುತ್ತದೆ. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಪೆಟ್ರೋಲಿನ ವಾಸನೆ ಬಂದು ನೋಡಿದರೆ ಹೋಸ್ ಬಿರುಕು ಬಿಟ್ಟು ಜಿನುಗುತ್ತಿತ್ತು. ಒಂದು ಕಿಡಿ ಸಾಕಿತ್ತು. ಅವತ್ತೇ ಎಥೆನಾಲ್ ತಡೆಯುವ ಹೋಸುಗಳನ್ನು ಹಾಕಿಸಿದೆ. ಹಳೆಯ ಕಾರು ಇಟ್ಟುಕೊಳ್ಳುವುದು ಪ್ರೀತಿಯಿಂದ ಆಗುವ ಕೆಲಸವಲ್ಲ, ಎಚ್ಚರದಿಂದ ಆಗುವ ಕೆಲಸ. ಎಚ್ಚರ ಇಲ್ಲದವರು ಇಂದೇ ಮಾರುವುದು ಒಳ್ಳೆಯದು. ಅದನ್ನು ಮೊದಲು ಹೇಳುವವಳು ನಾನೇ.

ಆದರೆ ಸರ್ಕಾರದ ಲೆಕ್ಕ ಎಚ್ಚರದ್ದಲ್ಲ, ವಯಸ್ಸಿನದು. ಹದಿನೈದು ವರ್ಷ ತುಂಬಿದ ಮೇಲೆ ಸ್ವಂತ ಕಾರಿಗೆ ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸಬೇಕು. 2021ರಲ್ಲಿ ಅದಕ್ಕೆ ನಾನು ಕಟ್ಟಿದ ಕೇಂದ್ರದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ಮಾಡಿದರು. 1991ರ ನನ್ನ ಕಾರಿನ ಅವಧಿ ಮುಗಿಯುವುದು 2026ಕ್ಕೆ. ಇನ್ನೊಂದು ಕಡೆ, 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ವಿಂಟೇಜ್ ಎಂಬ ಬಿರುದು, ಪ್ರತ್ಯೇಕ ನಂಬರು. ಆದರೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಒಯ್ಯಬಹುದು. ಅಂದರೆ ಹದಿನೈದು ದಾಟಿದರೆ ಗುಜರಿ, ಐವತ್ತು ದಾಟಿದರೆ ಪೂಜೆ. ನಡುವಿನ ಮೂವತ್ತೈದು ವರ್ಷ ದುಡಿಯುವವರ ಗತಿ ಏನು? ಈ ಲೆಕ್ಕ ನಮಗೆ ಹೊಸದಲ್ಲ ಬಿಡಿ. ಹುಡುಗಿಯಾಗಿದ್ದಾಗ ಮನೆಯ ಲಕ್ಷ್ಮಿ, ಮುತ್ತಜ್ಜಿಯಾದಾಗ ಮನೆಯ ದೇವರು. ನಡುವಿನ ವರ್ಷಗಳಲ್ಲಿ ಅಡುಗೆ ಮನೆಯಲ್ಲಿ ಸದ್ದು ಮಾಡದೆ ಓಡುತ್ತಿರಬೇಕು.

ಹೊಗೆಯ ಮಾತು ಬಂದರೆ ಹೊಗೆಯನ್ನೇ ಅಳೆಯಿರಿ ಎನ್ನುತ್ತೇನೆ. ದೆಹಲಿಯಲ್ಲಿ ಹದಿನೈದು ವರ್ಷದ ಪೆಟ್ರೋಲ್ ಕಾರು ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿಯಿತು. ಅಲ್ಲಿನ ಗಾಳಿಯ ಕಷ್ಟ ಬೇರೆ, ಅದಕ್ಕೆ ನಾನು ವಾದಿಸುವುದಿಲ್ಲ. ಆದರೆ ಅದೇ ಅಳತೆಗೋಲನ್ನು ಎಲ್ಲ ಊರಿಗೂ ತರಬೇಕೆನ್ನುವವರು, ವರ್ಷಕ್ಕೆ ಆರು ಸಾವಿರ ಓಡುವ ನನ್ನ ಕಾರನ್ನೂ ಐವತ್ತು ಸಾವಿರ ಓಡುವ ಹೊಸ ಟ್ಯಾಕ್ಸಿಯನ್ನೂ ಪಕ್ಕಪಕ್ಕ ನಿಲ್ಲಿಸಿ ಲೆಕ್ಕ ಹಾಕಲಿ. ಹೊಸ ಕಾರು ಮಾಡಲು ಕಬ್ಬಿಣ ಕರಗಿಸಬೇಕು, ಅದಕ್ಕೂ ಹೊಗೆ ಬರುತ್ತದೆ. ನಮ್ಮ ಊರಿನಲ್ಲಿ ಬರುವುದಿಲ್ಲ, ಇನ್ಯಾರದೋ ಊರಿನಲ್ಲಿ ಬರುತ್ತದೆ, ಅಷ್ಟೆ.

ಹಳೆಯ ಕಾರಿನ ಅಭಿಮಾನಿ ಗಂಡಸರ ಮೇಲೂ ನನಗೆ ಸಿಟ್ಟಿದೆ. ಒಮ್ಮೆ ಅವರ ಮೆರವಣಿಗೆಗೆ ಕರೆದರೆಂದು ಹೋಗಿದ್ದೆ. ಬಾನೆಟ್ ತೆರೆದಿಟ್ಟು ಕನ್ನಡಿಯ ಹಾಗೆ ಉಜ್ಜಿದ ಇಂಜಿನ್ನುಗಳು. ಎಷ್ಟು ಓಡಿಸುತ್ತೀರಿ ಎಂದು ಒಬ್ಬರನ್ನು ಕೇಳಿದೆ. "ಓಡಿಸೋದಾ? ವರ್ಷಕ್ಕೆ ಎರಡು ಸಲ ಹೊರಗೆ ತೆಗೀತೀವಿ" ಎಂದರು. ಆಮೇಲೆ ನನ್ನ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಿನ ಗೀರು ನೋಡಿ, "ಯಜಮಾನರು ಎಲ್ಲಿ?" ಎಂದು ವಿಚಾರಿಸಿದರು. ನಾನೇ ಯಜಮಾನಿ ಎಂದೆ. ನನ್ನ ಕಾರಿನ ಡಿಕ್ಕಿಯಲ್ಲಿ ಅಕ್ಕಿ ಮೂಟೆ ಬರುತ್ತದೆ, ಪಕ್ಕದ ಮನೆಯ ಬಾಣಂತಿ ಆಸ್ಪತ್ರೆಯಿಂದ ಬರುತ್ತಾಳೆ. ಗೀರು ಬೀಳದೆ ಇರುತ್ತದೆಯೇ?

ಕೊನೆಯದಾಗಿ ಒಂದು ನಿಜ ಹೇಳಿಬಿಡುತ್ತೇನೆ. ಲೆಕ್ಕ, ಎಚ್ಚರ, ನ್ಯಾಯ ಎಲ್ಲ ಸರಿ, ಆದರೆ ನನಗೆ ಅದರ ಓಟ ಇಷ್ಟ. ಕಡೂರಿನ ಕಡೆ ನೆಟ್ಟಗಿನ ರಸ್ತೆಯಲ್ಲಿ ಬೆಳಗಿನ ಹೊತ್ತು ಐದನೇ ಗೇರಿಗೆ ಹಾಕಿದಾಗ ಇಂಜಿನ್ನಿನ ಸದ್ದು ಇಳಿದು ಗಾಡಿ ತೇಲಿದ ಹಾಗೆ ಹೋಗುತ್ತದೆ. ಬಾಬಾಬುಡನ್‌ಗಿರಿಯ ಏರಿನಲ್ಲಿ ಎರಡನೇ ಗೇರಿನಲ್ಲಿ ಹಿಂದಿನ ಚಕ್ರಗಳು ತಳ್ಳುವುದು ಬೆನ್ನಿಗೆ ತಿಳಿಯುತ್ತದೆ. ಹೆಂಗಸು ಕಾರು ಇಟ್ಟುಕೊಳ್ಳಬಹುದು, ಆದರೆ ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು. ಓಡಿಸುವ ಸಂತೋಷಕ್ಕಾಗಿ ಇಟ್ಟುಕೊಂಡಳೆಂದರೆ ಊರಿಗೆ ಊರೇ ಕಣ್ಣರಳಿಸುತ್ತದೆ. ಅರಳಿಸಲಿ.

ಮೈದುನನಿಗೆ ನನ್ನ ಉತ್ತರ ಇಷ್ಟು. ಪೋಸ್ಟಾಫೀಸಿನ ಆರ್.ಡಿ.ಯಿಂದ ಹತ್ತು ಸಾವಿರ ತೆಗೆದಿಟ್ಟಿದ್ದೇನೆ. ತಳದ ತುಕ್ಕಿಗೆ ಪ್ಯಾಚ್ ಹಾಕಿಸಲು, ಬ್ರೇಕ್ ಲೈನರ್ ಬದಲಾಯಿಸಲು ಸಾಬರ ಮಗನಿಗೆ ಹೇಳಿದ್ದೇನೆ. ಶೆಡ್ಡು ಈಗ ಅವನದು. ಪರೀಕ್ಷೆ ಮಾಡುವವರು ಬ್ರೇಕು ಹಿಡಿಯುವುದಿಲ್ಲ, ಚಾಸಿ ತಿಂದುಹೋಗಿದೆ, ಹೊಗೆ ಮಿತಿ ಮೀರಿದೆ ಎಂದು ತೋರಿಸಿದರೆ ಅದೇ ದಿನ ಗುಜರಿಗೆ ಕೊಡುತ್ತೇನೆ, ಅಳುವುದಿಲ್ಲ. ಹಳೆಯದು ಎಂಬ ಒಂದೇ ಕಾರಣ ಹೇಳಿದರೆ ಮಾತ್ರ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಮೂರು ನೋಟ್‌ಬುಕ್ ಆಗಿವೆ. ಓದಲು ಅವರಿಗೆ ಸ್ವಲ್ಪ ಹೊತ್ತು ಬೇಕಾದೀತು, ನಾನು ಕಾಯುತ್ತೇನೆ.